ಹುಡುಗೀರಿಗೆ ಗಣಿತ ಬೇಡ ಅಂತ ಪೇಪರ್‌ನಲ್ಲಿ ಬಂದಿದ್ಯಂತೆ

ಪ್ರಶ್ನೆ: ಮಗಳು ಎಸ್ಸೆಸ್ಸೆಲ್ಸಿ ಪಾಸಾಗಿದಾಳೆ ಮೇಡಂ, ಗಣಿತದಲ್ಲಿ ಒಳ್ಳೆ ಮಾರ್ಕ್ಸು, ಪಿಸಿಎಂಬಿ ತಗೋತೀನಿ ಅಂತಾಳೆ. ನಮ್ಮನೆಯವ್ರು ಒಂದು ಪೇಪರ್ ಕಟಿಂಗ್ ತೋರ್ಸಿ, ಹುಡುಗೀರ ಮೆದುಳೇ ಬೇರೆ ಥರ, ಲೆಕ್ಕ ಎಲ್ಲ ಹುಡುಗರಿಗೇ ಅಂತಿದಾರೆ. ಅದನ್ನ ಓದಿದ್ಮೇಲೆ ನನಗೂ ಅನುಮಾನ. ಏನ್ಮಾಡ್ಲಿ?
– ಒಬ್ಬ ತಾಯಿ, ಹಾಸನ

ಉತ್ತರ: ಓದಿದ್ಮೇಲೆ ಅನುಮಾನ ಬಂತು ಅಂದ್ರಲ್ಲ ತಾಯಿ, ನಂಗೆ ಚಿಂತೆ ಆಗಿರೋದು ಅದಕ್ಕೇ. ಮಗಳ ಮಾರ್ಕ್ಸ್ ಏನೂ ಬದಲಾಗಿಲ್ಲ, ನಿಮ್ಮ ನಂಬಿಕೆ ಮಾತ್ರ ಬದಲಾಗಿದೆ.

ಅಮೆರಿಕದಲ್ಲಿ ಹೀಗೇ ಆಗಿತ್ತು. 1980ರಲ್ಲಿ ಬೆನ್ಬೋ ಮತ್ತೆ ಸ್ಟ್ಯಾನ್ಲಿ ಅನ್ನೋ ಇಬ್ರು ಸಂಶೋಧಕರು, ಏಳು ಎಂಟನೇ ಕ್ಲಾಸಿನ ಸುಮಾರು 10,000 ಜಾಣ ಮಕ್ಕಳ ಗಣಿತದ ಸ್ಕೋರ್ ನೋಡಿ, ತುಂಬ ಮೇಲಿನ ಸ್ಕೋರ್ ತಗೊಂಡವರಲ್ಲಿ ಹುಡುಗರೇ ಜಾಸ್ತಿ ಅಂತ ಬರೆದ್ರು. ಅದು ಮೊದಲೇ ಆರಿಸಿಟ್ಟ ಮಕ್ಕಳ ವಿಷಯ, ಎಲ್ಲ ಮಕ್ಕಳದ್ದಲ್ಲ, ಆದ್ರೆ ನ್ಯೂಸ್‌ವೀಕ್ ಪತ್ರಿಕೆ ಗಂಡುಮಕ್ಕಳಿಗೆ ಗಣಿತದ ಜೀನ್ ಇದ್ಯಾ ಅಂತ ಹೆಡ್ಡಿಂಗ್ ಹಾಕ್ತು. ಆ ಹೊತ್ತಿಗೆ ಜಾಕ್ವೆಲಿನ್ ಎಕಲ್ಸ್ ಅವರ ತಂಡ ಅಪ್ಪ ಅಮ್ಮಂದಿರು ಮಕ್ಕಳ ಗಣಿತದ ಬಗ್ಗೆ ಏನು ಅಂದ್ಕೋತಾರೆ ಅಂತ ಅಧ್ಯಯನ ಮಾಡ್ತಾ ಇತ್ತು, ಸುದ್ದಿ ಬಂದ್ಮೇಲೆ ಮತ್ತೆ ಕೇಳಿದ್ರೆ, ಸುದ್ದಿ ತಿಳಿದಿದ್ದ ಹೆಣ್ಣುಮಕ್ಕಳ ತಾಯಂದಿರು, ತಿಳೀದೇ ಇದ್ದ ತಾಯಂದಿರಿಗಿಂತ ಮಗಳ ಶಕ್ತಿಯನ್ನ ಕಡಿಮೆ ಅಂದಾಜು ಮಾಡಿದ್ರು! ತಾಯಿಗೇ ನಂಬಿಕೆ ಇಲ್ಲ ಅಂದ್ರೆ ಆ ಹುಡುಗಿ ಯಾವ ಧೈರ್ಯದ ಮೇಲೆ ಗಣಿತ ತಗೋಬೇಕು ಹೇಳಿ.

ಇನ್ನೊಂದು ವಿಷಯ, 1980ರ ದಶಕದ ಶುರುವಲ್ಲಿ ತುಂಬ ಮೇಲಿನ ಸ್ಕೋರ್ ತಗೊಂಡವರಲ್ಲಿ ಒಬ್ಳು ಹುಡುಗಿಗೆ 13 ಹುಡುಗರು ಅಂತಿದ್ದಿದ್ದು ಮುಂದಿನ ವರ್ಷಗಳಲ್ಲಿ ಸುಮಾರು 4ಕ್ಕೆ ಇಳೀತು, ಮೆದುಳು ಅಷ್ಟು ಬೇಗ ಬದಲಾಗತ್ತಾ? 2008ರಲ್ಲಿ ಜಾನೆಟ್ ಹೈಡ್ ಮತ್ತೆ ಅವರ ಜೊತೆಯವ್ರು 70 ಲಕ್ಷಕ್ಕೂ ಹೆಚ್ಚು ಮಕ್ಕಳ ಅಂಕ ನೋಡಿದಾಗ ಸರಾಸರಿಯಲ್ಲಿ ವ್ಯತ್ಯಾಸ ಹೆಚ್ಚುಕಮ್ಮಿ ಇಲ್ಲವೇ ಇಲ್ಲ. ಇದಕ್ಕೆ ಅಷ್ಟು ದೊಡ್ಡ ಹೆಡ್ಡಿಂಗ್ ಯಾರು ಹಾಕ್ತಾರೆ.

ನಮ್ಮಲ್ಲೂ ರಿಸಲ್ಟ್ ದಿನ ‘ಬಾಲಕಿಯರೇ ಮೇಲುಗೈ’ ಅಂತ ಬರತ್ತೆ, ಜನ ಮಾತ್ರ ಹುಡುಗೀರು ಕಷ್ಟಪಟ್ಟು ಓದ್ತಾರೆ, ಹುಡುಗರು ಬುದ್ಧಿವಂತರು ಅಂತಾನೇ ಅಂತಾರೆ, ಈ ಮಾತು ಕೇಳಿದ್ರೆ ನಂಗೆ ಮೈ ಉರಿಯತ್ತೆ.

ಯಜಮಾನ್ರ ಹತ್ರ ಜಗಳ ಬೇಡ. ಆ ಕಟಿಂಗ್‌ನಲ್ಲಿ ಎಷ್ಟು ಜನರನ್ನ ನೋಡಿದ್ರು, ಎಂಥವರನ್ನ ನೋಡಿದ್ರು ಅಂತ ಬರೆದಿದಾರಾ, ಇಬ್ರೂ ಕೂತು ಓದಿ, ಪಕ್ಕದಲ್ಲಿ ಮಗಳ ಮಾರ್ಕ್ಸ್ ಕಾರ್ಡ್ ಇಡಿ. ಅವಳೆದುರು ಮಾತ್ರ ಈ ಅನುಮಾನ ತೆಗೀಬೇಡಿ. ಅಡ್ಮಿಷನ್ ಮುಗಿಯೋದ್ರೊಳಗೆ ಪಿಸಿಎಂಬಿಗೇ ಅರ್ಜಿ ಹಾಕ್ಸಿ.