ಕೋನ್ ಫಿಲ್ಟರ್ ಹಾಕಿದ ಆರ್‌ಎಕ್ಸ್ 100 ತಡವರಿಸೋದು ಯಾಕೆ?

ಪ್ರಶ್ನೆ: ನನ್ನದು 1994ರ ಯಮಹಾ ಆರ್‌ಎಕ್ಸ್ 100 ಬೈಕ್. ಏರ್ ಫಿಲ್ಟರ್ ಬಾಕ್ಸ್ ಬಿರುಕು ಬಿಟ್ಟಿತ್ತು. ಗ್ಯಾರೇಜಿನಲ್ಲಿ ಅದನ್ನು ತೆಗೆದು, ಕಾರ್ಬುರೇಟರ್‌ಗೆ ನೇರವಾಗಿ ಕೋನ್ ಫಿಲ್ಟರ್ ಕೂರಿಸಿದರು. ಸೌಂಡ್ ಚೆನ್ನಾಗಿದೆ. ಆದರೆ ಅರ್ಧ ಆಕ್ಸಿಲರೇಟರ್‌ನಲ್ಲಿ ಗಾಡಿ ತಡವರಿಸುತ್ತದೆ, ಪ್ಲಗ್ ತೆಗೆದು ನೋಡಿದರೆ ಬೆಳ್ಳಗಿದೆ. ಹೀಗೇ ಓಡಿಸಬಹುದಾ? – ಓದುಗರೊಬ್ಬರು, ಹಾಸನ

ಉತ್ತರ: ಹೀಗೇ ಓಡಿಸಬೇಡಿ. ಲಾಂಗ್ ರೈಡ್ ಅಂತೂ ಬೇಡವೇ ಬೇಡ. ಬಿಳಿ ಪ್ಲಗ್ ಅಂದರೆ ಇಂಜಿನ್‌ಗೆ ಗಾಳಿ ಜಾಸ್ತಿ, ಪೆಟ್ರೋಲ್ ಕಡಿಮೆ ಹೋಗುತ್ತಿದೆ ಎಂದರ್ಥ.

ಬಾಕ್ಸ್ ಬರೀ ಧೂಳು ತಡೆಯುವ ಡಬ್ಬಿ ಅಲ್ಲ. ಇಂಜಿನ್ ಗಾಳಿಯನ್ನು ಗುಟುಕು ಗುಟುಕಾಗಿ ಎಳೆಯುತ್ತದೆ. ಎಳೆದಾಗಲೆಲ್ಲ ಅಲುಗಾಡದ ಗಾಳಿ ಸಿಗಲಿ ಅಂತ ಆ ಜಾಗ ಬಿಟ್ಟಿದ್ದಾರೆ. ಬಾಕ್ಸ್ ಗಾಳಿಯನ್ನು ಸ್ವಲ್ಪ ತಡೆಯುತ್ತದೆ ಕೂಡ. ಆ ತಡೆಯನ್ನು ಲೆಕ್ಕಕ್ಕೆ ತೆಗೆದುಕೊಂಡೇ ಕಂಪನಿಯವರು ಜೆಟ್ (ಕಾರ್ಬುರೇಟರ್‌ನಲ್ಲಿ ಪೆಟ್ರೋಲ್ ಹಾಯುವ ಸಣ್ಣ ತೂತು) ಸೈಜ್ ಇಟ್ಟಿರುತ್ತಾರೆ. ಈಗ ತಡೆ ಹೋಯಿತು, ಜೆಟ್ ಮಾತ್ರ ಹಳೆಯದೇ ಉಳಿಯಿತು. ಜೊತೆಗೆ ರಸ್ತೆಯಲ್ಲಿ ಅಡ್ಡಗಾಳಿ ಬೀಸಿದಾಗಲೆಲ್ಲ ಮಿಶ್ರಣ ಏರುಪೇರಾಗುತ್ತದೆ.

ಇದು ಟೂ ಸ್ಟ್ರೋಕ್ ಅನ್ನೋದು ಇಲ್ಲಿ ಮುಖ್ಯ. ಒಳಗೆ ಹೋಗುವ ಪೆಟ್ರೋಲ್ ಪಿಸ್ಟನ್ನನ್ನು ತಂಪಾಗಿಯೂ ಇಡುತ್ತದೆ. ಅದು ಕಡಿಮೆಯಾದರೆ ಅಲ್ಯುಮಿನಿಯಂ ಪಿಸ್ಟನ್ ಬಿಸಿಯಾಗಿ, ಹಿಗ್ಗಿ, ಬೋರ್‌ಗೆ (ಪಿಸ್ಟನ್ ಓಡಾಡುವ ಸಿಲಿಂಡರ್ ಒಳಗೋಡೆಗೆ) ಕಚ್ಚಿಕೊಳ್ಳುತ್ತದೆ, ಅದೇ ಸೀಜ್. ‘ಆಯಿಲ್ ಪಂಪ್ ಇದೆಯಲ್ಲ, ಸೀಜ್ ಆಗಲ್ಲ’ ಅಂತ ಹೇಳುವವರಿದ್ದಾರೆ. ಅದನ್ನು ನಂಬಬೇಡಿ. ಪಂಪ್ ಆಯಿಲ್ ಬಿಡುವುದು ಇಂಜಿನ್ ವೇಗ ಮತ್ತು ಆಕ್ಸಿಲರೇಟರ್ ಕೇಬಲ್ ನೋಡಿ. ಪೆಟ್ರೋಲ್ ಕಡಿಮೆಯಾಗಿದ್ದು ಅದಕ್ಕೆ ಗೊತ್ತೇ ಆಗುವುದಿಲ್ಲ.

ಪಿಕಪ್ ಜಾಸ್ತಿಯಾಗಿದೆ ಅನ್ನಿಸುತ್ತಿದ್ದರೆ, ಬಹುಪಾಲು ಅದು ಸೌಂಡಿನಿಂದ. ಬಾಕ್ಸ್ ಅಡಗಿಸಿಡುತ್ತಿದ್ದ ಶಬ್ದ ಈಗ ನೇರ ಕಿವಿಗೆ ಬೀಳುತ್ತಿದೆ, ಅಷ್ಟೇ. ಪೋರ್ಟ್, ಸೈಲೆನ್ಸರ್ ಎಲ್ಲ ಬದಲಿಸಿದ ರೇಸ್ ಗಾಡಿಗೆ ಕೋನ್ ಫಿಲ್ಟರ್ ಸರಿ. ದಿನಾ ಕೆಲಸಕ್ಕೆ ಹೋಗುವ ಗಾಡಿಗೆ ಕಂಪನಿ ಬಾಕ್ಸೇ ಒಳ್ಳೆಯದು. ಮಳೆಗಾಲದಲ್ಲಿ ಶಿರಾಡಿ ಘಾಟಿಯಲ್ಲಿ ಲಾರಿ ಹಿಂದೆ ಹೋಗುವಾಗ ಎರಚುವ ಕೆಸರು ನೀರನ್ನು ಒಮ್ಮೆ ನೆನೆಸಿಕೊಳ್ಳಿ. ತೆರೆದ ಫಿಲ್ಟರ್ ಮೇಲೆ ಅದು ನೇರವಾಗಿ ಬೀಳುತ್ತದೆ.

ಹಾಗಾಗಿ ಮೊದಲು ಬಾಕ್ಸ್ ಹುಡುಕಿ. ಸೆಕೆಂಡ್ ಹ್ಯಾಂಡ್ ಆದರೂ ಪರವಾಗಿಲ್ಲ. ಸಣ್ಣ ಬಿರುಕನ್ನು ಎಪಾಕ್ಸಿ ಅಂಟಿನಿಂದ ಮುಚ್ಚಬಹುದು. ಹಾಕುವ ಮುಂಚೆ ಬಾಕ್ಸ್‌ನಿಂದ ಕಾರ್ಬುರೇಟರ್‌ಗೆ ಬರುವ ರಬ್ಬರನ್ನು ಬಗ್ಗಿಸಿ, ಒಳಗೆ ಟಾರ್ಚ್ ಬಿಟ್ಟು ನೋಡಿ. ಹಳೇ ರಬ್ಬರ್ ಹೊರಗೆ ಚೆನ್ನಾಗಿದ್ದು ಮಡಿಕೆಯಲ್ಲಿ ಸೀಳಿರುತ್ತದೆ. ಆ ಸೀಳಿನಿಂದ ಧೂಳು ಫಿಲ್ಟರ್ ದಾಟಿ ನೇರ ಬೋರ್‌ಗೆ ಹೋಗುತ್ತದೆ. ಕಾರ್ಬುರೇಟರ್ ಮತ್ತು ಇಂಜಿನ್ ನಡುವಿನ ರಬ್ಬರನ್ನೂ ಬಿಡಬೇಡಿ. ಗಾಡಿ ಐಡ್ಲಿಂಗ್‌ನಲ್ಲಿದ್ದಾಗ, ಸೈಲೆನ್ಸರ್‌ಗೆ ತಾಗದ ಹಾಗೆ, ಅದರ ಸುತ್ತ ಸ್ವಲ್ಪ ಕಾರ್ಬುರೇಟರ್ ಕ್ಲೀನರ್ ಸ್ಪ್ರೇ ಮಾಡಿ. ಇಂಜಿನ್ ಸದ್ದು ಬದಲಾದರೆ ಅಲ್ಲಿ ಗಾಳಿ ಲೀಕ್ ಇದೆ. ಕೋನ್ ಫಿಲ್ಟರ್ ಹಾಕುವಾಗ ಯಾರಾದರೂ ಜೆಟ್ ಬದಲಿಸಿದ್ದರೆ, ಬಾಕ್ಸ್ ಜೊತೆಗೆ ಕಂಪನಿ ಜೆಟ್ಟನ್ನೂ ವಾಪಸ್ ಹಾಕಿಸಿ.

ಬಾಕ್ಸ್ ಸಿಗಲೇ ಇಲ್ಲವೆಂದರೆ ಜೆಟ್ಟಿಂಗ್, ಅಂದರೆ ಜೆಟ್ ಮತ್ತು ಸೂಜಿ ಹೊಂದಿಸುವ ಕೆಲಸ, ಮಾಡಿಸಲೇಬೇಕು. ನಿಮ್ಮ ಗಾಡಿ ತಡವರಿಸೋದು ಅರ್ಧ ಆಕ್ಸಿಲರೇಟರ್‌ನಲ್ಲಿ. ಅಲ್ಲಿ ಕೆಲಸ ಮಾಡುವುದು ಕಾರ್ಬುರೇಟರ್ ಒಳಗಿನ ಸೂಜಿ. ಸೂಜಿಯ ಕ್ಲಿಪ್ಪನ್ನು ಒಂದು ಕಚ್ಚು ಕೆಳಗೆ ಇಳಿಸಿದರೆ ಸೂಜಿ ಮೇಲೆ ಬರುತ್ತದೆ, ಪೆಟ್ರೋಲ್ ಜಾಸ್ತಿ ಹೋಗುತ್ತದೆ. ಪೂರ್ತಿ ಆಕ್ಸಿಲರೇಟರ್‌ಗೆ ಮೇನ್ ಜೆಟ್ ಬೇರೆಯದೇ ನೋಡಬೇಕು. ಮೊದಲು ಬೇಕಾದ್ದಕ್ಕಿಂತ ದೊಡ್ಡ ಜೆಟ್ ಹಾಕಿ, ಒಂದೊಂದೇ ಸೈಜ್ ಇಳಿಸುತ್ತಾ ಬರಲಿ. ಚಿಕ್ಕದರಿಂದ ಶುರು ಮಾಡಿದರೆ ಹುಡುಕುವಾಗಲೇ ಪಿಸ್ಟನ್ ಹೋಗಬಹುದು. ಪ್ಲಗ್ ಕಾಫಿ ಬಣ್ಣಕ್ಕೆ ಬಂದರೆ ಸರಿಯಾಯಿತು. ಟೆಸ್ಟ್ ಮಾಡಲು ಹೊಸ ಪ್ಲಗ್ ಹಾಕಿ, ಖಾಲಿ ರಸ್ತೆಯಲ್ಲಿ ಎಳೆದು, ಅದೇ ವೇಗದಲ್ಲಿ ಕ್ಲಚ್ ಹಿಡಿದು ಇಗ್ನಿಷನ್ ಆಫ್ ಮಾಡಿ ಪಕ್ಕಕ್ಕೆ ನಿಲ್ಲಿಸಿ ನೋಡಬೇಕು. ಐಡ್ಲಿಂಗ್‌ನಲ್ಲಿ ಮನೆವರೆಗೆ ಬಂದು ನೋಡಿದರೆ ಪ್ಲಗ್ ಸುಳ್ಳು ಹೇಳುತ್ತದೆ.

ಪ್ರಶ್ನೆ: ಯೆಜ್ಡಿ ರೋಡ್‌ಕಿಂಗ್‌ಗೂ ಇದೇ ಮಾತು ಅನ್ವಯಿಸುತ್ತದಾ? – ಓದುಗರು, ಮೈಸೂರು

ಉತ್ತರ: ಹೌದು, ಇನ್ನೂ ಜಾಸ್ತಿ. ಅದರಲ್ಲಿ 2ಟಿ ಆಯಿಲನ್ನು ಪೆಟ್ರೋಲ್ ಟ್ಯಾಂಕಿಗೇ ಬೆರೆಸುತ್ತೀರಿ, ಅಲ್ವಾ? ಪೆಟ್ರೋಲ್ ಕಡಿಮೆ ಹೋದರೆ ಆಯಿಲ್ಲೂ ಕಡಿಮೆಯೇ. ತಂಪೂ ಇಲ್ಲ, ಜಿಡ್ಡೂ ಇಲ್ಲ. ‘ಆಯಿಲ್ ಸ್ವಲ್ಪ ಜಾಸ್ತಿ ಹಾಕಿದರೆ ಆಯಿತು’ ಅನ್ನುವುದೂ ತಪ್ಪು. ಆಗ ಅದೇ ಜೆಟ್ಟಿನಲ್ಲಿ ಆಯಿಲ್‌ಗೆ ಜಾಗ ಹೋಗಿ, ಪೆಟ್ರೋಲ್ ಇನ್ನೂ ಕಡಿಮೆಯಾಗುತ್ತದೆ. ನಿಮ್ಮೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲೇ ನಿಂತಿದ್ದರಿಂದ ಕಂಪನಿಯ ಬಾಕ್ಸ್ ಸುಲಭಕ್ಕೆ ಸಿಗುವುದಿಲ್ಲ. ಇರುವುದನ್ನು ಗುಜರಿಗೆ ಹಾಕಬೇಡಿ, ಒಡೆದಿದ್ದರೂ ರಿಪೇರಿ ಮಾಡಿಸಿ.