ಕೊಟ್ಟದ್ದು ತಾರೆ, ಪಡೆದದ್ದು ಯಾರ ಪಿಕ್?

ಅಮೆರಿಕದ ಬಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎ ಕುರಿತು ಶಿರಸಿಯ ಓದುಗರೊಬ್ಬರ ಪತ್ರ: "ಒಕ್ಲಹೋಮಾ ಸಿಟಿ ಪಾಲ್ ಜಾರ್ಜ್‌ನನ್ನು ಬಿಟ್ಟುಕೊಟ್ಟು ಚಾಂಪಿಯನ್ ಆಯಿತು, ಡಲ್ಲಾಸ್ ಲೂಕಾ ಡಾನ್ಚಿಚ್‌ನನ್ನು ಬಿಟ್ಟುಕೊಟ್ಟು ಬೈಸಿಕೊಂಡಿತು. ಫಸಲಿಗೆ ಬಂದ ತೋಟ ಮಾರಿ ಅಡಿಕೆ ಸಸಿ ಕೊಳ್ಳುವ ವ್ಯವಹಾರ ಎರಡೂ ಕಡೆ ಒಂದೇ ಅಲ್ಲವೇ?"

ಒಂದೇ ಅಲ್ಲ. ಡಲ್ಲಾಸ್ ಸಸಿ ಕೊಳ್ಳಲೇ ಇಲ್ಲ, ಎಳೆಯ ತೋಟ ಕೊಟ್ಟು ಹಳೆಯದನ್ನು ತಂದಿತು. 2025ರ ಫೆಬ್ರುವರಿಯಲ್ಲಿ ಡಾನ್ಚಿಚ್‌ಗೆ 25 ವರ್ಷ, ಲೇಕರ್ಸ್‌ನಿಂದ ಬಂದ ಆಂಥನಿ ಡೇವಿಸ್‌ಗೆ 31. ಜೊತೆಗೆ ಮ್ಯಾಕ್ಸ್ ಕ್ರಿಸ್ಟಿ, 2029ರ ಮೊದಲ ಸುತ್ತಿನ ಒಂದೇ ಒಂದು ಪಿಕ್ (ಹೊಸ ಆಟಗಾರರನ್ನು ತಂಡಗಳು ಸರದಿಯಂತೆ ಆರಿಸಿಕೊಳ್ಳುವ ವಾರ್ಷಿಕ ಡ್ರಾಫ್ಟ್‌ನಲ್ಲಿ ಒಂದು ಸರದಿ). ಲೀಗಿನಲ್ಲಿ ಪೈಪೋಟಿ ಹಚ್ಚದೆ ಗುಟ್ಟಾಗಿ ಮುಗಿಸಿದರು. ನಿಮ್ಮೂರಿನಲ್ಲಿ ಅಡಿಕೆ ಚೀಲವನ್ನೂ ಟೆಂಡರಿಗಿಡದೆ ಮಾರುವುದಿಲ್ಲ!

2019ರಲ್ಲಿ ಒಕ್ಲಹೋಮಾ ಕೈ ಮೇಲಿತ್ತು. ಜಾರ್ಜ್ ಬಂದರೆ ಮಾತ್ರ ಇನ್ನೊಬ್ಬ ತಾರೆ ಕವಾಯಿ ಲೆನರ್ಡ್ ಕ್ಲಿಪ್ಪರ್ಸ್ ತಂಡಕ್ಕೆ ಬರುವ ಪರಿಸ್ಥಿತಿ, ಹಾಗಾಗಿ ಒಕ್ಲಹೋಮಾ ಕೇಳಿದ್ದನ್ನೆಲ್ಲ ಕ್ಲಿಪ್ಪರ್ಸ್ ಕೊಟ್ಟಿತು: ಶೇ ಗಿಲ್ಜಿಯಸ್-ಅಲೆಕ್ಸಾಂಡರ್, ಗಲಿನಾರಿ, ಮೊದಲ ಸುತ್ತಿನ ಐದು ಪಿಕ್, ಎರಡು ಅದಲುಬದಲು ಹಕ್ಕು (ಆ ವರ್ಷ ಎದುರು ತಂಡದ ಪಿಕ್ ತನ್ನದಕ್ಕಿಂತ ಮೇಲಿದ್ದರೆ ಬದಲಿಸಿಕೊಳ್ಳುವ ಹಕ್ಕು). ಅದರಲ್ಲೊಂದು ಪಿಕ್ 2022ರಲ್ಲಿ 12ನೇ ಸ್ಥಾನಕ್ಕೆ ಬಂದು ಜೇಲನ್ ವಿಲಿಯಮ್ಸ್ ಸಿಕ್ಕ. 2025ರ ಪ್ರಶಸ್ತಿ ಗೆದ್ದದ್ದು ಶೇ, ವಿಲಿಯಮ್ಸ್ ಇಬ್ಬರ ಬಲದ ಮೇಲೆ.

ಪಿಕ್ ಎಷ್ಟಿವೆ ಎನ್ನುವುದಕ್ಕಿಂತ ಯಾರದು ಎಂಬುದು ಮುಖ್ಯ. ಕೊಟ್ಟ ತಂಡ ಸೋತಷ್ಟೂ ಪಿಕ್ ಮೇಲಕ್ಕೇರುತ್ತದೆ. 2013ರಲ್ಲಿ ಬಾಸ್ಟನ್ 37ರ ಗಾರ್ನೆಟ್, 35ರ ಪಿಯರ್ಸ್‌ರನ್ನು ಬ್ರೂಕ್ಲಿನ್‌ಗೆ ದಾಟಿಸಿ 2014, 2016, 2018ರ ಪಿಕ್‌ಗಳನ್ನು ಪಡೆಯಿತು. ಒಂದು ವರ್ಷ ಬಿಟ್ಟು ಒಂದು ಏಕೆ? ಮುಂದಿನ ಸತತ ಎರಡು ವರ್ಷ ಮೊದಲ ಸುತ್ತಿನ ಪಿಕ್ ಇಲ್ಲದಂತೆ ಮಾಡಿಕೊಳ್ಳಲು ಸ್ಟೆಪಿಯನ್ ನಿಯಮ ಬಿಡುವುದಿಲ್ಲ. ನಡುವಿನ 2017ಕ್ಕೆ ಬಾಸ್ಟನ್ ಅದಲುಬದಲು ಹಕ್ಕು ಬರೆಸಿಕೊಂಡಿತು. ಆ ಸಲ ಬ್ರೂಕ್ಲಿನ್ ಗೆದ್ದದ್ದು 20, ಸೋತದ್ದು 62. ಅದರ ಮೊದಲನೇ ಪಿಕ್ ಬಾಸ್ಟನ್‌ಗೆ, 53 ಪಂದ್ಯ ಗೆದ್ದ ಬಾಸ್ಟನ್‌ನ 27ನೆಯದು ಬ್ರೂಕ್ಲಿನ್‌ಗೆ! ಆ ಮೊದಲನೇ ಪಿಕ್ಕನ್ನು ಫಿಲಡೆಲ್ಫಿಯಾಗೆ ಕೊಟ್ಟು ಬಾಸ್ಟನ್ ಮೂರನೇ ಸ್ಥಾನಕ್ಕಿಳಿದು, ಜೊತೆಗೆ ಇನ್ನೊಂದು ಪಿಕ್ ಕಿತ್ತುಕೊಂಡು, ಜೇಸನ್ ಟೇಟಮ್‌ನನ್ನು ಆರಿಸಿತು. 2016ರ ಪಿಕ್‌ನಲ್ಲಿ ಜೇಲನ್ ಬ್ರೌನ್ ಆಗಲೇ ಬಂದಿದ್ದ. 2024ರಲ್ಲಿ ಪ್ರಶಸ್ತಿ.

ಸೋತರೂ ಲಾಭವಿಲ್ಲದ ಸ್ಥಿತಿ ಬ್ರೂಕ್ಲಿನ್‌ನದು. ಮುದಿ ತಾರೆಯರಿಗೆ ಭವಿಷ್ಯ ಅಡವಿಟ್ಟರೆ ಆಗುವುದೇ ಇದು: ತಂಡ ಕುಸಿದಾಗ ಮರಳಿ ಕಟ್ಟಲು ಬೇಕಾದ ಹುಡುಗರು ಬೇರೆಯವರ ಪಾಲು.

ಡಲ್ಲಾಸ್‌ಗೂ 2025ರ ಡ್ರಾಫ್ಟ್‌ನ ಮೊದಲ ಪಿಕ್‌ನಲ್ಲಿ ಕೂಪರ್ ಫ್ಲಾಗ್ ಸಿಕ್ಕನಲ್ಲ ಎಂದು ನೀವು ಕೇಳಬಹುದು. ಸಿಕ್ಕ, ಮೊದಲ ಪಿಕ್ ಯಾವ ತಂಡಕ್ಕೆ ಎಂದು ನಿರ್ಧರಿಸುವ ಲಾಟರಿಯಲ್ಲಿ, ಶೇಕಡಾ 1.8 ಅವಕಾಶವಿದ್ದಾಗ. ಅದನ್ನು ವ್ಯಾಪಾರದ ಜಾಣ್ಮೆಯ ಖಾತೆಗೆ ಜಮಾ ಮಾಡಲು ನಾವಂತೂ ಒಪ್ಪುವುದಿಲ್ಲ.

— ಸಂ.