ಮೇಡಂ ಏನೂ ಅನ್ನಲಿಲ್ಲ

ನರ್ಸಿಂಗ್ ಕಲಿಸುವವರು ನನ್ನ ಹತ್ತಿರ ಬಂದರೆ ಮಾತು ಶುರುವಾಗುವುದು ಹೆಚ್ಚುಕಮ್ಮಿ ಒಂದೇ ಥರ. 'ನನಗೇನ್ ಆಗಿಲ್ರೀ ಅಕ್ಕಾರ, ಸ್ವಲ್ಪ ನಿದ್ದಿ ಕಮ್ಮಿ ಆಗೈತಿ, ಅಷ್ಟ.' ಆಮೇಲೆ ತಮ್ಮ ತೊಂದರೆಗೆ ತಾವೇ ಹೆಸರಿಡುತ್ತಾರೆ. ಬರ್ನ್‌ಔಟ್, ಅಂದರೆ ಕೆಲಸದಿಂದ ಆದ ಅತಿಯಾದ ದಣಿವು, ಅಂತಾರೆ. ಅದರ ಪಾಠ ಮಾಡುವವರೂ ಅವರೇ ಅಲ್ವಾ! ವಿಜಯಪುರದಲ್ಲಿ ಕೂತು ಆಪ್ತಸಲಹೆ ಕೊಡುವ ನನಗೆ ಬಾಗಲಕೋಟೆ, ಬೆಳಗಾವಿ ಕಡೆಯಿಂದಲೂ ಇಂಥವರು ಬರುತ್ತಲೇ ಇರುತ್ತಾರೆ. ತಮ್ಮ ಊರಿನಲ್ಲಿ ಯಾರ ಹತ್ತಿರವಾದರೂ ಹೋಗಲು ಅವರಿಗೆ ಸಂಕೋಚ. ಮನೋರೋಗದ ಆಸ್ಪತ್ರೆಯವರೇ ಮನಸ್ಸಿನ ಡಾಕ್ಟರ ಬಾಗಿಲಲ್ಲಿ ಕೂತರೆ ಜನ ಏನಂದಾರು ಅನ್ನುವ ಅಳುಕು.

ಈ ಒಬ್ಬರನ್ನು ಗಿರಿಜಾ ಅನ್ನೋಣ. ಹೆಸರು, ಊರು, ಮನೆಯ ವಿವರ ಎಲ್ಲ ಬದಲಿಸಿದ್ದೇನೆ. ಬರೆಯಲು ಅವರು ಒಪ್ಪಿದ್ದಾರೆ, ಓದಿ ತಿದ್ದಿಯೂ ಕೊಟ್ಟಿದ್ದಾರೆ. ಒಂದು ಮನೋರೋಗ ಆಸ್ಪತ್ರೆಯಲ್ಲಿ ನರ್ಸ್ ಎಜುಕೇಟರ್. ಹೊಸದಾಗಿ ಸೇರಿದ ಸಿಸ್ಟರ್‌ಗಳಿಗೆ ತರಬೇತಿ ಕೊಡುವವರು ಅವರೇ, ಕಾಲೇಜುಗಳಿಂದ ಪೋಸ್ಟಿಂಗ್‌ಗೆ ಬರುವ ಜಿಎನ್‌ಎಂ ನರ್ಸಿಂಗ್ ಡಿಪ್ಲೊಮಾದ ಎರಡನೇ ವರ್ಷದ ಹುಡುಗಿಯರಿಗೆ ವಾರ್ಡಿನಲ್ಲಿ ಪಾಠ ಹೇಳುವವರೂ ಅವರೇ. ಮನೆಯಲ್ಲಿ ಗಂಡ, ಮಗಳು, ಅತ್ತೆ, ಮನೆ ಸಾಲದ ಕಂತು. ಹೇಳಿಕೊಳ್ಳುವಂಥ ಜಗಳ ಯಾವುದೂ ಇಲ್ಲ.

ಈ ಹುದ್ದೆಯ ಬಗ್ಗೆ ಮಾತ್ರ ಸ್ವಲ್ಪ ಹೇಳಬೇಕು. ಎಜುಕೇಟರ್‌ಗೆ ವಾರ್ಡಿನ ಮೇಲೆ ಅಧಿಕಾರವಿಲ್ಲ. ಡ್ಯೂಟಿ ಹಾಕುವವರು ನರ್ಸಿಂಗ್ ಸೂಪರಿಂಟೆಂಡೆಂಟ್. ವಾರ್ಡಿನಲ್ಲಿ ನಡೆಯುವುದು ಇನ್‌ಚಾರ್ಜ್ ಸಿಸ್ಟರ್ ಮಾತು. ಔಷಧಿ, ಆರ್ಡರ್ ಡಾಕ್ಟರದು. ವಿದ್ಯಾರ್ಥಿಗಳು ಕಾಲೇಜಿನವರು. ಸರಿಯಾದದ್ದು ಯಾವುದೆಂದು ಎಲ್ಲರಿಗೂ ಹೇಳುವ ಕೆಲಸ ಇವರದು, ಅದನ್ನು ಮಾಡಿಸುವ ಅಧಿಕಾರ ಬೇರೆಯವರದು. ಇದು ಗೊತ್ತಿಲ್ಲದವರು ಇವರ ಕೆಲಸ ಆರಾಮ ಅಂದುಕೊಳ್ಳುತ್ತಾರೆ. ನೈಟ್ ಡ್ಯೂಟಿ ಇಲ್ಲ, ಭಾನುವಾರ ರಜೆ.

ಗಿರಿಜಾ ಬಂದದ್ದು ಕಪಾಳಕ್ಕೆ ಏಟು ಬಿದ್ದ ಮೇಲೆ. ಹೆಂಗಸರ ವಾರ್ಡಿನಲ್ಲಿ ಒಬ್ಬ ಹೆಣ್ಣುಮಗಳು, ಸಿಂದಗಿ ಕಡೆಯವಳು, ಮೇನಿಯಾ, ಅಂದರೆ ಮನಸ್ಸು ಮಿತಿಮೀರಿ ಉದ್ರೇಕಗೊಳ್ಳುವ ಕಾಯಿಲೆ, ಅಂತ ಅಡ್ಮಿಟ್ ಆಗಿದ್ದಳು. ಅವಳ ಮಂಚದ ಸುತ್ತ ಬ್ಯಾಚಿನ ಹುಡುಗಿಯರನ್ನೆಲ್ಲ ನಿಲ್ಲಿಸಿಕೊಂಡು ಇವರು ಮಾನಸಿಕ ಸ್ಥಿತಿ ಪರೀಕ್ಷೆ ಹೇಗೆ ಮಾಡುವುದೆಂದು ತೋರಿಸುತ್ತಿದ್ದರು. ಇವತ್ತು ಯಾವ ವಾರ? ಮುಖ್ಯಮಂತ್ರಿ ಯಾರು? 100ರಲ್ಲಿ 7 ಕಳೀರಿ, ಬಂದದ್ದರಲ್ಲಿ ಮತ್ತೆ 7 ಕಳೀರಿ. ಅವಳು 93 ಅಂದಳು, 86 ಅಂದಳು, ಆಮೇಲೆ, 'ಸಾಕ್ರೀ ಯವ್ವಾ, ಹೋಗ್ರಿನ್ನ' ಅಂದಳು. ಇವರು ಹೋಗಲಿಲ್ಲ. 'ನಾ ಏನ್ ಗುಳ್ಳವ್ವ ಏನ್ರೀ, ಸುತ್ತ ನಿಂತು ನೋಡಾಕ?' ಅಂದಾಗ ಹುಡುಗಿಯರು ಕಿಸಕ್ಕನೆ ನಕ್ಕರು. ಗುಳ್ಳವ್ವ ಅಂದರೆ ನಮ್ಮ ಕಡೆ ಆಷಾಢದಲ್ಲಿ ಮಣ್ಣಿನಿಂದ ಮಾಡಿ ಪೂಜಿಸುವ ಗೊಂಬೆ. ಇನ್ನೊಂದು ಪ್ರಶ್ನೆ ಉಳಿದಿತ್ತು, ಗಾದೆಯ ಅರ್ಥ ಕೇಳುವುದು. ಅದನ್ನು ಕೇಳಲು ಇವರು ಬಗ್ಗಿದಾಗ ಏಟು ಬಿತ್ತು.

ಗಿರಿಜಾ ನಕ್ಕರಂತೆ. ನಕ್ಕು ಹುಡುಗಿಯರ ಕಡೆ ತಿರುಗಿ, 'ನೋಡ್ರಿ, ಹೊಡದದ್ದು ಅವರಲ್ಲ, ಅವರ ಕಾಯಿಲೆ. ಇದನ್ನ ಮನಸಿಗೆ ಹಚ್ಕೋಬಾರದು' ಅಂದರಂತೆ. ಪುಸ್ತಕದಲ್ಲಿ ಇರುವುದೂ ಅದೇ.

ಇಲ್ಲಿ ಒಂದು ಮಾತು ಹೇಳಿ ಮುಂದೆ ಹೋಗುತ್ತೇನೆ. ಮಾನಸಿಕ ಕಾಯಿಲೆ ಇರುವವರೆಲ್ಲ ಹೊಡೆಯುತ್ತಾರೆ ಅಂತ ಇದನ್ನು ಓದಿ ಯಾರೂ ತಿಳಿಯಬೇಡಿ. ಹೊಡೆಯುವವರಿಗಿಂತ ಹೊಡೆತ ತಿಂದವರೇ ಅವರಲ್ಲಿ ಜಾಸ್ತಿ. ಕಾಯಿಲೆ ಇರಲಿ ಬಿಡಲಿ, ಸಾಕು ಹೋಗಿ ಅಂದ ಮೇಲೂ ಸುತ್ತ ನಿಂತು ಲೆಕ್ಕ ಕೇಳಿದರೆ ನನಗೂ ಕೈ ತುರಿಸೀತು.

ಏಟಿನ ಬಗ್ಗೆ ಎಲ್ಲರೂ ಸಮಾಧಾನ ಹೇಳಿದ್ದರು. ಸೂಪರಿಂಟೆಂಡೆಂಟ್ ಮನೆಗೆ ಕಳಿಸಿದರು. ಡಾಕ್ಟರು ಬೆನ್ನು ತಟ್ಟಿದರು. ಗಂಡ, 'ಬಿಡು ಆ ಕೆಲಸ, ಬಾಗಲಕೋಟೆ ಕಾಲೇಜಿನ್ಯಾಗ ಪೋಸ್ಟ್ ಖಾಲಿ ಐತೆಲ್ಲ' ಅಂದರು. ಆದರೂ ವಾರ್ಡಿನ ಬಾಗಿಲಿಗೆ ಬಂದರೆ ಎದೆ ಹೊಡೆದುಕೊಳ್ಳುವುದು, ರಾತ್ರಿ ಎರಡಕ್ಕೆ ಎಚ್ಚರವಾಗುವುದು, ಪಾಠದ ನಡುವೆ ಮಾತು ಮರೆಯುವುದು ನಿಲ್ಲಲಿಲ್ಲ. ನಾನು ಮೊದಲು ಮಾಡಬೇಕಾದದ್ದನ್ನೇ ಮಾಡಿದೆ. ಖಿನ್ನತೆ ಇದೆಯೇ ನೋಡಲು ಬೇರೆ ಊರಿನ ಮನೋವೈದ್ಯರ ಹತ್ತಿರ ಕಳಿಸಿದೆ. ರಾತ್ರಿ ತೀರಾ ಕಷ್ಟವಾದರೆ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ ಅಂದೆ. 2022ರಿಂದ ಇರುವ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ಕನ್ನಡದಲ್ಲಿ ಮಾತಾಡುತ್ತಾರೆ, ದುಡ್ಡು ಕೊಡಬೇಕಿಲ್ಲ. ಉಸಿರಾಟದ ಅಭ್ಯಾಸ, ಸ್ನಾಯು ಸಡಿಲಿಸುವ ಅಭ್ಯಾಸ ಹೇಳಿಕೊಡಲು ಹೋದರೆ ಅವರಿಗೇ ನಗು ಬಂತು. 'ಇದನ್ನ ನಾನ ಬ್ಯಾಚಿಗೆ ಕಲಿಸ್ತೀನ್ರೀ ಅಕ್ಕಾರ.'

ದಾರಿ ತಿರುಗಿದ್ದು ಒಂದು ನೋಟ್‌ಬುಕ್ಕಿನಿಂದ.

ಆ ದಿನ ಅವರು ಬ್ಯಾಗಿನಿಂದ ಕಂದು ರಟ್ಟು ಹಾಕಿದ ಒಂದು ರೆಕಾರ್ಡ್ ಪುಸ್ತಕ ತೆಗೆದು ತೊಡೆಯ ಮೇಲಿಟ್ಟುಕೊಂಡರು. ಒಬ್ಬ ವಿದ್ಯಾರ್ಥಿನಿಯದು. ಮಾನಸಿಕ ಆರೋಗ್ಯದ ಪೋಸ್ಟಿಂಗ್‌ನಲ್ಲಿ ಪ್ರೊಸೆಸ್ ರೆಕಾರ್ಡಿಂಗ್ ಅಂತ ಬರೆಯಬೇಕಾಗುತ್ತದೆ. ರೋಗಿ ಹೇಳಿದ್ದು ಒಂದು ಕಾಲಂ, ನರ್ಸ್ ಹೇಳಿದ್ದು ಒಂದು ಕಾಲಂ, ಅದರಿಂದ ಏನು ತಿಳಿಯಿತು ಅನ್ನುವುದು ಇನ್ನೊಂದು. ಎಲ್ಲ ಇಂಗ್ಲಿಷಿನಲ್ಲಿ. 'ಸಹಿ ಮಾಡಬೇಕ್ರೀ. ಹುಡುಗಿ ದಿನಾ ಕೇಳ್ತಾಳ. ಕೊಡ್ಲಿಲ್ಲಂದ್ರ ಇಂಟರ್ನಲ್ ಮಾರ್ಕ್ಸ್ ಹೋಗ್ತಾವ. ಮಾಡಾಕ ಆಗವಲ್ತು.'

ರೋಗಿಯ ವಿಷಯ ನನಗೆ ಓದಬೇಡಿ, ಸಹಿ ಮಾಡಲು ಬಿಡದ ಸಾಲು ಯಾವುದೋ ಅದನ್ನಷ್ಟೇ ಓದಿ ಅಂದೆ. ಪುಟದ ಕೆಳಗೆ, ಇಂಗ್ಲಿಷ್ ಮುಗಿದ ಮೇಲೆ, ಪೆನ್ಸಿಲ್‌ನಲ್ಲಿ ಕನ್ನಡದಲ್ಲಿ ಬರೆದಿತ್ತು. ಅವರು ಓದಿದರು. 'ಮೇಡಂ ನಕ್ಕರು. ಆಮೇಲೆ ಆ ಅಕ್ಕನ ಕೈ ಕಟ್ಟಿದರು. ಮೇಡಂ ಏನೂ ಅನ್ನಲಿಲ್ಲ.'

ಅಲ್ಲಿಯವರೆಗೆ ಕೈ ಕಟ್ಟಿದ ಮಾತೇ ನಮ್ಮ ನಡುವೆ ಬಂದಿರಲಿಲ್ಲ.

'ಏಟು ಎಷ್ಟು ಹೊತ್ತು ಉರೀತು?' ಅಂತ ಕೇಳಿದೆ.

'ಸಂಜೀತನಕ ಇರಬಹುದ್ರೀ.'

'ಕೈ ಎಷ್ಟು ಹೊತ್ತು ಕಟ್ಟಿದ್ರು?'

ಅವರು ಪೆನ್ಸಿಲ್ ಸಾಲಿನ ಮೇಲೆ ಬೆರಳು ಇಟ್ಟುಕೊಂಡೇ ಇದ್ದರು. 'ಮರುದಿನ ಮುಂಜಾನಿ ನಾ ಡ್ಯೂಟಿಗೆ ಹೋದಾಗ ಬಿಚ್ಚಾಕತ್ತಿದ್ರು.'

ಡಾಕ್ಟರ ಆರ್ಡರ್ ಇತ್ತೇ? ಆಮೇಲೆ ಬರೆದರು. ಅವಳು ಮತ್ತೆ ಯಾರಿಗಾದರೂ ಹೊಡೆಯಲು ಹೋದಳೇ? ಇಲ್ಲ, ಅಳುತ್ತಾ ಮಲಗಿದ್ದಳು. ಮತ್ತೆ ಯಾಕೆ ಕಟ್ಟಿದರು? 'ಮೇಡಂಗೇ ಹೊಡದಾಳ, ನಾಳೆ ಹುಡುಗ್ಯಾರಿಗೆ ಹೊಡೀತಾಳ ಅಂದ್ರು ಇನ್‌ಚಾರ್ಜ್. ರಾತ್ರಿ ಇಬ್ಬರ ಸಿಸ್ಟರ್ ಇದ್ರು.' ಸ್ವಲ್ಪ ಹೊತ್ತು ಬಿಟ್ಟು ಅವರೇ ಹೇಳಿದರು. 'ಅಕ್ಕಾರ, ನಾನು ಪ್ರತಿ ಬ್ಯಾಚಿಗೂ ಎರವಾಡಿ ಪಾಠ ಮಾಡ್ತೀನ್ರೀ. ಹುಡುಗ್ಯಾರು ಅಳ್ತಾರ.'

ಎರವಾಡಿ ಗೊತ್ತಿಲ್ಲದವರಿಗೆ: ತಮಿಳುನಾಡಿನ ರಾಮನಾಥಪುರಂ ಜಿಲ್ಲೆಯಲ್ಲಿ 2001ರ ಆಗಸ್ಟ್ 6ರ ನಸುಕಿನಲ್ಲಿ ಒಂದು ಆಶ್ರಯಮನೆಗೆ ಬೆಂಕಿ ಬಿತ್ತು. ಅಲ್ಲಿದ್ದ ಮಾನಸಿಕ ರೋಗಿಗಳನ್ನು ಸರಪಳಿಯಿಂದ ಬಿಗಿದಿದ್ದರು. ಓಡಲಾಗದೆ 28 ಜನ ಸತ್ತರು. ಈಗಿರುವ 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆ ಸರಪಳಿಯನ್ನು ಪೂರ್ತಿ ನಿಷೇಧಿಸಿದೆ, ಒಂಟಿಯಾಗಿ ಕೂಡಿಹಾಕುವುದನ್ನೂ ನಿಷೇಧಿಸಿದೆ. ಕೈಕಾಲು ಕಟ್ಟುವುದಕ್ಕೆ ಅದರ 97ನೇ ಸೆಕ್ಷನ್ನಿನಲ್ಲಿ ಬಿಗಿಯಾದ ಷರತ್ತುಗಳಿವೆ. ಆ ಕ್ಷಣದ ಅಪಾಯ ತಪ್ಪಿಸಲು ಬೇರೆ ದಾರಿಯೇ ಇಲ್ಲದಿದ್ದರೆ ಮಾತ್ರ, ಚಿಕಿತ್ಸೆ ನೋಡುವ ಮನೋವೈದ್ಯರ ಅನುಮತಿಯಿಂದ, ಬೇಕಾದಷ್ಟೇ ಹೊತ್ತು. ಯಾಕೆ ಕಟ್ಟಿದರು, ಎಷ್ಟು ಹೊತ್ತು ಕಟ್ಟಿದರು ಎಂದು ಕೂಡಲೇ ಬರೆದಿಡಬೇಕು. ರೋಗಿ ನೇಮಿಸಿದ ಪ್ರತಿನಿಧಿಗೆ 24 ಗಂಟೆಯೊಳಗೆ ತಿಳಿಸಬೇಕು. ಪ್ರತಿ ತಿಂಗಳು ಮಾನಸಿಕ ಆರೋಗ್ಯ ಪರಿಶೀಲನಾ ಮಂಡಳಿಗೆ (ಮೆಂಟಲ್ ಹೆಲ್ತ್ ರಿವ್ಯೂ ಬೋರ್ಡ್) ವರದಿ ಹೋಗಬೇಕು. ಶಿಕ್ಷೆಗೆಂದು ಕಟ್ಟುವ ಹಾಗಿಲ್ಲ. ಸಿಬ್ಬಂದಿ ಕಮ್ಮಿ ಅನ್ನುವ ಒಂದೇ ಕಾರಣಕ್ಕೂ ಕಟ್ಟುವ ಹಾಗಿಲ್ಲ. ಇದನ್ನೆಲ್ಲ ನನಗೆ ಬಾಯಿಪಾಠವಾಗಿ ಹೇಳಿದವರು ಗಿರಿಜಾ. ಹೇಳುತ್ತಾ ಹೇಳುತ್ತಾ ದನಿ ಸಣ್ಣದಾಯಿತು.

ಏಟು ತಿಂದದ್ದಕ್ಕೆ ಊರೆಲ್ಲ ಸಮಾಧಾನ ಹೇಳಿದರೂ ಅವರಿಗೆ ತಾಗದೇ ಇದ್ದದ್ದು ಯಾಕೆಂದು ನನಗೆ ಅರ್ಥವಾದದ್ದು ಆಗ. ನೋವು ಇದ್ದದ್ದು ಬೇರೆ ಕಡೆ. ನನ್ನ ಹತ್ತಿರ ಬರುವ ನರ್ಸಿಂಗ್ ಶಿಕ್ಷಕರಲ್ಲಿ ಎಷ್ಟೋ ಜನರದು ದಣಿವಲ್ಲ. ಸರಿ ಯಾವುದೆಂದು ಚೆನ್ನಾಗಿ ಗೊತ್ತಿದ್ದು, ಕಣ್ಣೆದುರು ತಪ್ಪು ನಡೆದಾಗ ಬಾಯಿ ಬರಲಿಲ್ಲ ಅನ್ನುವುದು. ದಣಿವಾದರೆ ರಜೆ ಕೊಟ್ಟರೆ ಕಮ್ಮಿಯಾಗುತ್ತದೆ. ಇದಕ್ಕೆ ರಜೆ ಕೊಟ್ಟರೆ ಯೋಚಿಸಲು ಇನ್ನಷ್ಟು ಹೊತ್ತು ಸಿಗುತ್ತದೆ, ಅಷ್ಟೇ.

ಅವರಿಗೆ ಕೊಟ್ಟ ಸಲಹೆ ಹೀಗಿತ್ತು. ಪೆನ್ಸಿಲ್ ಸಾಲು ಅಳಿಸಬೇಡಿ, ಅಳಿಸಿ ತಾ ಅಂತ ಹುಡುಗಿಗೂ ಹೇಳಬೇಡಿ. ಅದರ ಪಕ್ಕ ನಿಮ್ಮ ಕೈಯಲ್ಲಿ ಒಂದು ಸಾಲು ಬರೆದು ಸಹಿ ಮಾಡಿ ಕೊಡಿ. ಆ ಬ್ಯಾಚನ್ನು ಕೂರಿಸಿಕೊಂಡು ಅವತ್ತು ಆದದ್ದನ್ನು ಪಾಠವಾಗಿ ಮಾಡಿ. ರೋಗಿ ಸಾಕು ಅಂದಾಗ ನಾವು ನಿಲ್ಲಬೇಕಿತ್ತು, ಕಟ್ಟಿದಾಗ ನಾನು ಕೇಳಬೇಕಿತ್ತು ಅಂತ ನಿಮ್ಮ ಬಾಯಿಂದ ಅವರು ಕೇಳಲಿ. ಇನ್‌ಚಾರ್ಜ್ ಸಿಸ್ಟರ್ ಜೊತೆ ಮೊದಲು ಎದುರಾಎದುರು ಮಾತಾಡಿ, ಹಿಂದಿನಿಂದ ದೂರು ಬೇಡ. ಅವರೂ ಇಬ್ಬರು ಸಿಸ್ಟರ್‌ಗಳನ್ನು ಇಟ್ಟುಕೊಂಡು ರಾತ್ರಿ ಕಳೆಯುವವರು. ಆಮೇಲೆ ಸೂಪರಿಂಟೆಂಡೆಂಟ್‌ಗೆ ಬರೆದು ಕೊಡಿ, ಒಂದು ಪ್ರತಿ ಇಟ್ಟುಕೊಳ್ಳಿ. ರೋಗಿಗೆ, ಅವಳ ಮನೆಯವರಿಗೆ ಮೆಂಟಲ್ ಹೆಲ್ತ್ ರಿವ್ಯೂ ಬೋರ್ಡ್ ಅಂತ ಒಂದು ಇದೆ, ಅಲ್ಲಿ ಕೇಳಬಹುದು ಅನ್ನುವುದನ್ನು ತಿಳಿಸಿ. ಬಾಗಲಕೋಟೆ ಕೆಲಸದ ವಿಚಾರ ಇದಾದ ಮೇಲೆ ನೋಡೋಣ.

ಈ ಸಲಹೆಗೆ ನಮ್ಮ ಸಲಹೆಗಾರರ ಬಳಗದಲ್ಲಿ ನನಗೆ ಬೈಗುಳ ಸಿಕ್ಕಿದೆ. ನಿದ್ದೆ ಬರುತ್ತಿಲ್ಲ ಅಂತ ಬಂದವರಿಗೆ ನೀವು ಕಾನೂನಿನ ಕೆಲಸ ಹಚ್ಚಿದಿರಿ, ಅವರ ನೌಕರಿ ಹೋದರೆ ಸಾಲದ ಕಂತು ನೀವು ಕಟ್ಟುತ್ತೀರಾ ಅಂದರು ಒಬ್ಬರು. ಇನ್ನೊಬ್ಬರು, ಟೀಚರೇ ಹೀಗೆ ತಪ್ಪು ಒಪ್ಪಿಕೊಂಡರೆ ಹುಡುಗಿಯರು ಮನೋರೋಗ ವಿಭಾಗಕ್ಕೆ ಬರುವುದೇ ಇಲ್ಲ ಅಂದರು. ನೌಕರಿಯ ಮಾತು ಸಣ್ಣದಲ್ಲ. ಅದಕ್ಕೇ ಯಾವುದನ್ನೂ ಮಾಡಲೇಬೇಕು ಅಂತ ನಾನು ಹೇಳಲಿಲ್ಲ. ಯಾವುದಕ್ಕೆ ಏನು ಬೆಲೆ ತೆರಬೇಕಾದೀತು ಅಂತ ಕೂತು ಇಬ್ಬರೂ ಮಾತಾಡಿದೆವು, ಗಂಡನನ್ನೂ ಒಂದು ಸಲ ಕರೆಸಿದೆ. ಎರಡನೆಯ ಮಾತನ್ನು ಮಾತ್ರ ನಾನು ಒಪ್ಪುವುದೇ ಇಲ್ಲ. ಹುಡುಗಿಯರು ಎಲ್ಲ ನೋಡಿದ್ದಾರೆ. ಒಬ್ಬಳು ಬರೆದೂ ಇದ್ದಾಳೆ. ಹೊಡೆತ ಬಿದ್ದರೆ ನಗಬೇಕು, ಕಟ್ಟಿದರೆ ಸುಮ್ಮನಿರಬೇಕು ಅನ್ನುವುದನ್ನು ಅವರು ಅವತ್ತು ಆಗಲೇ ಕಲಿತಾಗಿತ್ತು. ಅದನ್ನು ಅಳಿಸುವ ಪಾಠ ಮಾಡಬಲ್ಲವರು ಗಿರಿಜಾ ಒಬ್ಬರೇ.

ಅವರು ಎಲ್ಲವನ್ನೂ ಮಾಡಲಿಲ್ಲ, ನಾನು ಹೇಳಿದ ಕ್ರಮದಲ್ಲೂ ಮಾಡಲಿಲ್ಲ. ನೋಟ್‌ಬುಕ್ಕಿಗೆ ಸಹಿ ಆಯಿತು. ಬ್ಯಾಚಿಗೆ ಪಾಠವೂ ಆಯಿತು. ಇನ್‌ಚಾರ್ಜ್ ಸಿಸ್ಟರ್ ಬಹಳ ದಿನ ಮಾತು ಬಿಟ್ಟರು. ಕ್ಯಾಂಟೀನಿನಲ್ಲಿ ಇವರು ಬಂದರೆ ಎದ್ದು ಹೋಗುತ್ತಿದ್ದರಂತೆ. ಬರೆದುಕೊಟ್ಟ ಪತ್ರಕ್ಕೆ ಉತ್ತರ ಬರಲಿಲ್ಲ, ಆದರೆ ವಾರ್ಡಿಗೆ ಅಚ್ಚು ಹಾಕಿಸಿದ ಒಂದು ಫಾರಂ ಬಂತು. ಕಟ್ಟಿದ ಸಮಯ, ಬಿಚ್ಚಿದ ಸಮಯ, ಕಾರಣ, ಡಾಕ್ಟರ ಸಹಿ. ಕೆಲವು ರಾತ್ರಿ ತುಂಬುತ್ತಾರೆ, ಕೆಲವು ರಾತ್ರಿ ಖಾಲಿ ಇರುತ್ತದೆ. ನಿದ್ದೆ ಮೊದಲಿಗಿಂತ ಪರವಾಗಿಲ್ಲ, ಪೂರ್ತಿ ಸರಿಯಾಗಿಲ್ಲ.

ಆ ಹೆಣ್ಣುಮಗಳು ಡಿಸ್ಚಾರ್ಜ್ ಆದ ಮೇಲೆ ಅಣ್ಣನ ಜೊತೆ ತೋರಿಸಲು ಬಂದಿದ್ದಳು. ಗಿರಿಜಾ ಅವಳ ಪಕ್ಕ ಬೆಂಚಿನ ಮೇಲೆ ಕೂತು, ಅವತ್ತು ನೀ ಸಾಕು ಅಂದ್ರೂ ನಾವು ಹೋಗಲಿಲ್ಲ, ತಪ್ಪಾತವ್ವ ಅಂದರು. ಕಟ್ಟಿದ್ದರ ಬಗ್ಗೆ ಎಲ್ಲಿ ಕೇಳಬಹುದು ಅನ್ನುವುದನ್ನೂ ಅಣ್ಣನಿಗೆ ಹೇಳಿದರು. ಅವನಿಗೆ ಅದರಲ್ಲಿ ಆಸಕ್ತಿ ಇರಲಿಲ್ಲ, ಮಧ್ಯಾಹ್ನದ ಬಸ್ಸು ಹಿಡಿಯಬೇಕಿತ್ತು. ಅವಳು ಮಾತ್ರ, 'ನಾ ಹೊಡದದ್ದು ನೆನಪಿಲ್ರೀ. ಹುಡುಗ್ಯಾರು ನಕ್ಕದ್ದು ನೆನಪೈತಿ' ಅಂದಳಂತೆ.

ಅದಾದ ಮೇಲೆ ಗಿರಿಜಾ ಮಂಚದ ಹತ್ತಿರ ಒಂದು ಸಲಕ್ಕೆ ಇಬ್ಬರಿಗಿಂತ ಜಾಸ್ತಿ ಹುಡುಗಿಯರನ್ನು ಬಿಡುವುದಿಲ್ಲ. ಮೊದಲು ರೋಗಿಯನ್ನು ಕೇಳಬೇಕು, ಬೇಡ ಅಂದರೆ ತಿರುಗಿ ಬರಬೇಕು. ಉಳಿದವರಿಗೆ ಹೊರಗೆ ಒಬ್ಬರನ್ನೊಬ್ಬರು ರೋಗಿ ಮಾಡಿಕೊಂಡು ಅಭ್ಯಾಸ. ಇದರಿಂದ ಪೋಸ್ಟಿಂಗ್ ಮುಗಿಯುವುದರೊಳಗೆ ಎಲ್ಲರ ಕೇಸೂ ಆಗುವುದಿಲ್ಲ ಅಂತ ಒಂದು ಕಾಲೇಜಿನವರು ತಕರಾರು ಎತ್ತಿದ್ದಾರೆ. ಆ ಜಗಳ ಇನ್ನೂ ನಡೆದಿದೆ. ಬಾಗಲಕೋಟೆಯ ಕೆಲಸಕ್ಕೂ ಅರ್ಜಿ ಹಾಕಿದ್ದಾರೆ. ಹಾಕಬೇಡಿ ಅಂತ ನಾನೇನೂ ಅಂದಿಲ್ಲ.